ವಾಕಿ-ಟಾಕಿಯನ್ನು ಕೊಳ್ಳುವ ಮುನ್ನ

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತವನ್ನೇರಲು ಹೊರಟ ವಿದ್ಯಾರ್ಥಿಗಳ ತಂಡವೊಂದನ್ನು ಊಹಿಸಿಕೊಳ್ಳೋಣ. ನಡಿಗೆಯಲ್ಲಿ ಚುರುಕಾದವರು ಮುಂದೆ ಸಾಗಿದ್ದಾರೆ. ಒಬ್ಬನ ಕಾಲು ಉಳುಕಿ, ಅವನೊಡನೆ ಇಬ್ಬರು ಹಿಂದುಳಿದಿದ್ದಾರೆ. ಕೂಗಿದರೆ ಕೇಳಿಸದು, ಮೊಬೈಲು ಮೂಕವಾಗಿದೆ. ಆಗ ಎರಡು ಗುಂಪಿನವರ ಬಳಿಯೂ ಒಂದೊಂದು ವಾಕಿ-ಟಾಕಿ ಇದ್ದರೆ ಎಷ್ಟು ಅನುಕೂಲ! ಆದರೆ ಪೆಟ್ಟಿಗೆಯ ಮೇಲೆ '೩೦ ಕಿಲೋಮೀಟರ್' ಎಂದು ಅಚ್ಚಾಗಿದ್ದ ಆ ಉಪಕರಣವೂ ಒಂದು ಕಿಲೋಮೀಟರಿಗೇ ಮೌನ ತಾಳಿದರೆ?

ಪೆಟ್ಟಿಗೆಯ ಅಂಕಿ ಸಂಪೂರ್ಣ ಸುಳ್ಳೇನೂ ಅಲ್ಲ. ವಾಕಿ-ಟಾಕಿಯ ಅಲೆಗಳು ಬಹುಮಟ್ಟಿಗೆ ಬೆಳಕಿನಂತೆ ನೇರವಾಗಿ ಚಲಿಸುತ್ತವೆ. ಭೂಮಿಯ ಬಾಗನ್ನು ಅನುಸರಿಸಿ ಅಲ್ಪಸ್ವಲ್ಪ ಮಾತ್ರ ಬಾಗುತ್ತವೆ. ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ಉಪಕರಣಕ್ಕೆ ಸಮತಟ್ಟಾದ ಬಯಲಿನಲ್ಲಿ ದಿಗಂತವು ಸುಮಾರು ೫ ಕಿಲೋಮೀಟರ್ ದೂರದಲ್ಲಿರುತ್ತದೆ. ಇಬ್ಬರೂ ನೆಲದ ಮೇಲಿದ್ದರೆ ೧೦ ಕಿಲೋಮೀಟರೇ ಪರಮಾವಧಿ. ಅಷ್ಟು ಕೂಡ ದೊರೆಯುವುದು ಅಪೂರ್ವ. ಅವರಲ್ಲೊಬ್ಬನು ೧೦೦ ಮೀಟರ್ ಎತ್ತರದ ಬೆಟ್ಟವನ್ನೇರಿದನೆನ್ನಿ, ಅವನ ದಿಗಂತ ೪೦ ಕಿಲೋಮೀಟರಿಗೆ ಹಿಗ್ಗುತ್ತದೆ. ಅಚ್ಚಾದ ಅಂಕಿ ಇಂತಹ ನೆಲೆಯದು. ಕುಮಾರಪರ್ವತದ ದಾರಿಯಲ್ಲಿ ಗಿರಿಗದ್ದೆಯವರೆಗೆ ದಟ್ಟಡವಿ. ಅಲ್ಲಿನ ಒದ್ದೆ ಎಲೆಗಳು ಅಲೆಗಳನ್ನು ಹೀರುತ್ತವೆ. ಅದನ್ನು ದಾಟಿ ಹುಲ್ಲುಗಾವಲಿಗೆ ಬಂದೊಡನೆ ಅದೇ ಉಪಕರಣಕ್ಕೆ ಜೀವ ಬಂದಂತಾಗುತ್ತದೆ. ನಡುವೆ ಗುಡ್ಡದ ಭುಜ ಅಡ್ಡ ಬಂದರೆ ಮಾತು ಮತ್ತೆ ನಿಂತೀತು.

ಹಾಗಾದರೆ ಹೆಚ್ಚು ವಾಟಿನದನ್ನು ಕೊಂಡರಾಯಿತಲ್ಲ ಎಂದು ಕೆಲವರು ಕೇಳಬಹುದು. ತೆರವಾದ ಸ್ಥಳದಲ್ಲಿಯೂ ದೂರವನ್ನು ಇಮ್ಮಡಿಸಲು ಶಕ್ತಿಯನ್ನು ನಾಲ್ಮಡಿಸಬೇಕು. ಅರ್ಧ ವಾಟಿನ ಬದಲು ೫ ವಾಟಿನದನ್ನು ತಂದರೆ ದೂರ ಮೂರು ಪಟ್ಟಾದೀತೇ ಹೊರತು ಹತ್ತು ಪಟ್ಟಾಗದು. ಗುಡ್ಡವಂತೂ ಎಷ್ಟು ವಾಟಿಗೂ ಪಕ್ಕಕ್ಕೆ ಸರಿಯುವುದಿಲ್ಲ! ಬ್ಯಾಟರಿ ಮಾತ್ರ ಬೇಗನೆ ಬರಿದಾಗುತ್ತದೆ.

ಇದಕ್ಕಿಂತ ಮುಖ್ಯವಾದುದು ಆವೃತ್ತಿ. ಭಾರತದಲ್ಲಿ ೪೪೬.೦ರಿಂದ ೪೪೬.೨ ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಅಲ್ಪಶಕ್ತಿಯ ಉಪಕರಣಗಳಿಗಾಗಿ ೨೦೧೮ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಲಾಯಿತು. ವಿಹಾರಕ್ಕೆ ಬೇಕಾದವರು ಈ ಪಟ್ಟಿಯಲ್ಲಿ ಮಾತ್ರ ಕೆಲಸಮಾಡುವ, ಸರ್ಕಾರದ ಮಾದರಿ ಅನುಮೋದನೆ ಪಡೆದ ಉಪಕರಣವನ್ನೇ ಕೇಳಿ ಕೊಳ್ಳಬೇಕು. ಅಮೆರಿಕದಿಂದ ನಂಟರು ತಂದುಕೊಡುವ ಜೋಡಿ ಸಾಮಾನ್ಯವಾಗಿ ೪೬೨ ಮತ್ತು ೪೬೭ ಮೆಗಾಹರ್ಟ್ಸ್‌ಗಳದು. ಅಲ್ಲಿ ಅದು ಸರ್ವರಿಗೂ ಮುಕ್ತವಾದರೂ ಇಲ್ಲಿ ಅಲ್ಲ. ಅನುಮೋದನೆಯಿಲ್ಲದ ಉಪಕರಣಗಳ ಅಂತರಜಾಲ ಮಾರಾಟ ಹೆಚ್ಚಿದುದರಿಂದ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ೨೦೨೫ರಲ್ಲಿ ಮಾರ್ಗಸೂಚಿಯನ್ನೇ ಹೊರಡಿಸಬೇಕಾಯಿತು. ಹವ್ಯಾಸಿ ರೇಡಿಯೋ ಉಪಕರಣಗಳ ಮೇಲೆ ಆಸೆಯುಳ್ಳವರಿಗೆ ಬೇರೆ ದಾರಿಯುಂಟು: ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯುವುದು. ಹನ್ನೆರಡು ವರ್ಷ ತುಂಬಿದವರೆಲ್ಲ ಅದಕ್ಕೆ ಕೂರಬಹುದು.

ಕೆಲವು ಪೆಟ್ಟಿಗೆಗಳ ಮೇಲೆ 'ಗೋಪ್ಯ ಸಂಕೇತ' ಎಂಬ ಹೆಗ್ಗಳಿಕೆಯೂ ಇರುತ್ತದೆ. ಇದು ಮಾತಿನ ಜೊತೆಗೆ ಹೋಗುವ ಒಂದು ತಗ್ಗು ಸ್ವರವಷ್ಟೆ. ಆ ಸ್ವರವಿಲ್ಲದ ಪರರ ಮಾತು ನಿಮಗೆ ಕೇಳಿಸದಂತೆ ಅದು ತಡೆಯುತ್ತದೆ. ನಿಮ್ಮ ಮಾತು ಪರರಿಗೆ ಕೇಳಿಸದಂತೆ ತಡೆಯುವುದಿಲ್ಲ. ಆದುದರಿಂದ ಮನೆಯ ಗುಟ್ಟನ್ನು ಅದರಲ್ಲಿ ಆಡದಿರುವುದೇ ಲೇಸು.

ಮಲೆನಾಡಿನ ಮಳೆಗೆ 'ಐಪಿ ೬೭' ಗುರುತುಳ್ಳದ್ದು ತಕ್ಕದ್ದು. ಅದು ಧೂಳನ್ನು ತಡೆಯುವುದಲ್ಲದೆ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಕೆಡದು. ವಿದ್ಯುತ್ತಿಲ್ಲದ ಕಡೆ ತಂಗುವವರಿಗೆ ಪೆನ್ಸಿಲ್ ಸೆಲ್ಲುಗಳನ್ನೂ ಹಾಕಬಹುದಾದ ಮಾದರಿ ಒಳ್ಳೆಯದೆಂದು ನಮ್ಮ ಅಭಿಪ್ರಾಯ.

ಕೊಂಡ ಜೋಡಿಯನ್ನು ನೇರವಾಗಿ ಕಾಡಿಗೆ ಒಯ್ಯಬೇಡಿ. ಮೊದಲು ಊರ ಬಯಲಿನಲ್ಲಿ, ಅನಂತರ ಒಂದು ಗುಡ್ಡದ ಎರಡು ಬದಿಗಳಲ್ಲಿ ನಿಂತು ಪರೀಕ್ಷಿಸಿ. ಏರಿಯಲನ್ನು ನೆಟ್ಟಗೆ ಹಿಡಿದು, ಗುಂಡಿಯನ್ನೊತ್ತಿ, ಒಂದು ಕ್ಷಣ ತಡೆದು ಮಾತನಾಡಿ. ಒತ್ತಿದೊಡನೆ ಆಡಿದರೆ ಮೊದಲ ಪದವೇ ಕತ್ತರಿಸಿಹೋಗುವುದುಂಟು. 'ಬರಬೇಡಿ' ಎಂಬುದು 'ಬೇಡಿ' ಎಂದಷ್ಟೇ ಕೇಳಿಸೀತು.