ಸೂಕ್ಷ್ಮ ಜಠರದ ಬೆಕ್ಕುಗಳಿಗೆ ಆಹಾರದ ಆಯ್ಕೆ: ಬೆಕ್ಕು ಸಾಕುವವರಿಗೆ ಮಾಹಿತಿ

ಬೆಕ್ಕು ಪದೇಪದೇ ವಾಂತಿ ಮಾಡುವುದು, ಮಲ ನೀರಾಗಿ ಹೋಗುವುದು, ತಟ್ಟೆಯಲ್ಲಿರುವುದನ್ನು ಮೂಸಿ ಹಿಂದೆ ಸರಿಯುವುದು ಮುಂತಾದವು ಪಶು ಆಸ್ಪತ್ರೆಗಳಲ್ಲಿ ಬೆಕ್ಕು ಸಾಕುವವರು ಸಾಮಾನ್ಯವಾಗಿ ಹೇಳಿಕೊಳ್ಳುವ ತೊಂದರೆಗಳಾಗಿವೆ. ಇಂತಹ ಬೆಕ್ಕುಗಳನ್ನು ಸೂಕ್ಷ್ಮ ಜಠರದ ಬೆಕ್ಕುಗಳೆಂದು ಕರೆಯುವುದು ರೂಢಿಯಲ್ಲಿದೆ. ಅಂಗಡಿಗಳಲ್ಲಿ ದೊರೆಯುವ ಸಿದ್ಧ ಆಹಾರದ ಪೊಟ್ಟಣಗಳ ಮೇಲೂ ಈ ಮಾತು ಮುದ್ರಿತವಾಗಿರುತ್ತದೆ. ಆದರೆ ಇದು ಯಾವುದೇ ಒಂದು ರೋಗದ ಹೆಸರಲ್ಲ. ಜಂತುಹುಳುವಿನ ಬಾಧೆಯಿಂದ ಹಿಡಿದು ಆಹಾರದ ಅಲರ್ಜಿ, ಕರುಳಿನ ದೀರ್ಘಕಾಲದ ಉರಿಯೂತ, ಮೂತ್ರಪಿಂಡದ ದೌರ್ಬಲ್ಯ, ವಯಸ್ಸಾದ ಬೆಕ್ಕುಗಳಲ್ಲಿ ಕಾಣುವ ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆಯವರೆಗೆ ಹಲವು ಕಾರಣಗಳು ಹೊರನೋಟಕ್ಕೆ ಒಂದೇ ರೀತಿಯಲ್ಲಿ ತೋರುತ್ತವೆ. ಆದುದರಿಂದ ಕಾರಣವನ್ನು ತಿಳಿಯದೆ ಒಂದಾದ ಮೇಲೊಂದು ಪೊಟ್ಟಣವನ್ನು ಬದಲಿಸುತ್ತಾ ಹೋಗುವುದರಿಂದ ಹಣವೂ ಕಾಲವೂ ವ್ಯರ್ಥವಾಗುವುದಲ್ಲದೆ, ಬದಲಾವಣೆಯೇ ಹೊಸ ಭೇದಿಗೆ ಕಾರಣವಾಗುವುದುಂಟು.

ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಕೂದಲಿನ ಉಂಡೆಯನ್ನು ಕಾರಿಕೊಂಡು, ಅನಂತರ ಎಂದಿನಂತೆ ತಿಂದು ಆಡುವ ಬೆಕ್ಕಿನ ಬಗ್ಗೆ ಚಿಂತಿಸಬೇಕಾದ ಅಗತ್ಯವಿಲ್ಲ. ವಾರಕ್ಕೊಮ್ಮೆ ಅಥವಾ ಅದಕ್ಕಿಂತ ಹೆಚ್ಚಾಗಿ ವಾಂತಿ ಮಾಡುವ, ತೂಕ ಕಳೆದುಕೊಳ್ಳುತ್ತಿರುವ, ಮೂರು ವಾರ ಕಳೆದರೂ ಭೇದಿ ನಿಲ್ಲದ ಬೆಕ್ಕನ್ನು ಪಶುವೈದ್ಯರಿಗೆ ತೋರಿಸತಕ್ಕದ್ದು.

ಬೆಕ್ಕಿನ ದೇಹಪ್ರಕೃತಿ

ಬೆಕ್ಕು ಕಟ್ಟುನಿಟ್ಟಾಗಿ ಮಾಂಸಾಹಾರಿ ಪ್ರಾಣಿ. ನಾಯಿಯು ಮನುಷ್ಯರೊಡನೆ ಅನ್ನ, ರಾಗಿ ಮುದ್ದೆಗಳನ್ನು ತಿಂದು ಬಹುಮಟ್ಟಿಗೆ ಹೊಂದಿಕೊಳ್ಳಬಲ್ಲದು. ಬೆಕ್ಕಿಗೆ ಅದು ಸಾಧ್ಯವಿಲ್ಲ. ಟಾರಿನ್ ಎಂಬ ಅಮೈನೋ ಆಮ್ಲವನ್ನು ಬೆಕ್ಕಿನ ದೇಹವು ಸಾಕಷ್ಟು ತಯಾರಿಸಿಕೊಳ್ಳಲಾರದು. ಇದು ಮಾಂಸ ಮತ್ತು ಮೀನಿನಲ್ಲಿ ದೊರೆಯುತ್ತದೆ, ಧಾನ್ಯಗಳಲ್ಲಿ ಇರುವುದಿಲ್ಲ. ಟಾರಿನ್ ಕೊರತೆಯಿಂದ ಕಣ್ಣಿನ ಅಕ್ಷಿಪಟಲ ಕ್ಷೀಣಿಸಿ ಬೆಕ್ಕು ಕುರುಡಾಗಬಹುದು, ಹೃದಯದ ಸ್ನಾಯು ಸಡಿಲಗೊಂಡು ಸಾವು ಸಂಭವಿಸಬಹುದು. ಹೃದಯದ ಈ ಕಾಯಿಲೆಗೂ ಟಾರಿನ್ ಕೊರತೆಗೂ ಇರುವ ಸಂಬಂಧವು 1987ರಲ್ಲಿ ಅಮೆರಿಕದ ಸಂಶೋಧಕರಿಂದ ಬೆಳಕಿಗೆ ಬಂದ ಬಳಿಕವೇ ಸಿದ್ಧ ಆಹಾರ ತಯಾರಕರು ಟಾರಿನ್ ಪ್ರಮಾಣವನ್ನು ಹೆಚ್ಚಿಸಿದರು. ವಿಟಮಿನ್ 'ಎ' ಅಂಶವನ್ನು ಸಹ ಬೆಕ್ಕು ಕ್ಯಾರೆಟ್, ಸೊಪ್ಪುಗಳಿಂದ ಪಡೆಯಲಾರದು. ಪ್ರಾಣಿಮೂಲದ ಆಹಾರದಿಂದಲೇ ಪಡೆಯಬೇಕು. ನಾಯಿಗಾಗಿ ತಯಾರಿಸಿದ ಆಹಾರವನ್ನು ಬೆಕ್ಕಿಗೆ ನಿತ್ಯವೂ ನೀಡಬಾರದೆಂದು ಹೇಳುವುದಕ್ಕೆ ಇವೇ ಕಾರಣಗಳು.

ಹೊಟ್ಟೆ ಕೆಟ್ಟ ಬೆಕ್ಕಿಗೆ 'ಹಗುರ'ವೆಂದು ಭಾವಿಸಿ ವಾರಗಟ್ಟಲೆ ಬರಿಯ ಗಂಜಿ ಅಥವಾ ಮೊಸರನ್ನ ನೀಡುವ ಪದ್ಧತಿಯು ಈ ದೃಷ್ಟಿಯಿಂದ ಸರಿಯಲ್ಲ.

ಹಾಲು

ಬೆಕ್ಕು ಎಂದೊಡನೆ ಹಾಲಿನ ಬಟ್ಟಲು ನೆನಪಾಗುವಷ್ಟು ಈ ಎರಡರ ನಂಟು ಜನಮನದಲ್ಲಿ ಬೇರೂರಿದೆ. ವಾಸ್ತವದಲ್ಲಿ ತಾಯಿಯ ಹಾಲು ಬಿಟ್ಟ ನಂತರ ಬೆಕ್ಕಿನ ಕರುಳಿನಲ್ಲಿ ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀರ್ಣಿಸುವ ಕಿಣ್ವವು ಕ್ರಮೇಣ ಕಡಿಮೆಯಾಗುತ್ತದೆ. ಜೀರ್ಣವಾಗದ ಸಕ್ಕರೆಯು ದೊಡ್ಡ ಕರುಳನ್ನು ತಲುಪಿ ನೀರನ್ನು ಸೆಳೆದುಕೊಂಡು, ಅಲ್ಲಿ ಹುಳಿತು, ಹೊಟ್ಟೆಯುಬ್ಬರ ಮತ್ತು ಭೇದಿಗೆ ಕಾರಣವಾಗುತ್ತದೆ. ಎಲ್ಲ ಬೆಕ್ಕುಗಳಲ್ಲಿಯೂ ಇದು ಒಂದೇ ಪ್ರಮಾಣದಲ್ಲಿರುವುದಿಲ್ಲ. ಕೆಲವು ಬೆಕ್ಕುಗಳು ಸ್ವಲ್ಪ ಹಾಲನ್ನು ತಾಳಿಕೊಳ್ಳುತ್ತವೆ. ಆದರೂ ಹೊಟ್ಟೆಯ ತೊಂದರೆಯಿರುವ ಬೆಕ್ಕಿನಲ್ಲಿ ಮೊದಲು ನಿಲ್ಲಿಸಬೇಕಾದುದು ಹಾಲನ್ನು. ಕೆಲವು ಪ್ರಕರಣಗಳಲ್ಲಿ ಇದೊಂದರಿಂದಲೇ ಕೆಲವು ದಿನಗಳಲ್ಲಿ ಮಲವು ಗಟ್ಟಿಯಾಗುತ್ತದೆ. ಪಕ್ಕದ ಮನೆಯವರು ಪ್ರೀತಿಯಿಂದ ಇಡುವ ಹಾಲಿನ ಬಟ್ಟಲೂ ಇದರಲ್ಲಿ ಸೇರಿದೆ ಎಂಬುದನ್ನು ಮರೆಯಬಾರದು. ಕುಡಿಯಲು ಶುದ್ಧ ನೀರು ಸದಾ ದೊರೆಯುವಂತಿರಬೇಕು.

ತಬ್ಬಲಿ ಮರಿಗಳಿಗೆ ಹಸುವಿನ ಹಾಲು ತಾಯಿಯ ಹಾಲಿಗೆ ಸಮನಲ್ಲ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿಗಿಂತ ಹೆಚ್ಚಾಗಿರುವುದರಿಂದ, ಬೆಕ್ಕಿನ ಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿಯನ್ನು ಪಶುವೈದ್ಯರ ಸಲಹೆಯಂತೆ ಬಳಸಬೇಕು.

ಉಪವಾಸ ಕೆಡವಬಾರದು

ಹೊಟ್ಟೆ ಕೆಟ್ಟಾಗ ಲಂಘನವೇ ಔಷಧವೆಂಬ ತಿಳಿವಳಿಕೆ ಮನುಷ್ಯರ ವಿಷಯದಲ್ಲಿ ಬಳಕೆಯಲ್ಲಿದೆ. ಬೆಕ್ಕಿಗೆ ಇದನ್ನು ಅನ್ವಯಿಸುವುದು ಅಪಾಯಕರ. ಬೆಕ್ಕು, ಅದರಲ್ಲಿಯೂ ಮೈದುಂಬಿದ ಬೆಕ್ಕು, ಎರಡು ಮೂರು ದಿನ ಏನನ್ನೂ ತಿನ್ನದಿದ್ದರೆ ದೇಹದ ಕೊಬ್ಬು ಒಮ್ಮೆಗೇ ಯಕೃತ್ತಿಗೆ ಹರಿದುಬಂದು ಅಲ್ಲಿ ಶೇಖರಗೊಳ್ಳುತ್ತದೆ. ಯಕೃತ್ತು ತನ್ನ ಕೆಲಸವನ್ನು ನಿಲ್ಲಿಸುತ್ತಾ ಬಂದಂತೆ ಕಣ್ಣು, ಒಸಡು, ಕಿವಿಯ ಒಳಭಾಗ ಹಳದಿಯಾಗುತ್ತವೆ. ಈ ಹಂತಕ್ಕೆ ಬಂದ ಬೆಕ್ಕು ತಾನಾಗಿ ತಿನ್ನುವುದಿಲ್ಲ. ಕೊಳವೆಯ ಮೂಲಕ ವಾರಗಟ್ಟಲೆ ಆಹಾರ ನೀಡಬೇಕಾಗಬಹುದು, ಚಿಕಿತ್ಸೆ ತಡವಾದರೆ ಉಳಿಯುವುದು ಕಷ್ಟ. ಆದುದರಿಂದ "ಹಸಿವಾದರೆ ತಾನೇ ತಿನ್ನುತ್ತದೆ" ಎಂದು ಹೊಸ ಆಹಾರವೊಂದನ್ನೇ ಮುಂದಿಟ್ಟು ಕಾಯುವುದು ತರವಲ್ಲ. 24 ಗಂಟೆಗಳ ಕಾಲ ಏನನ್ನೂ ಮುಟ್ಟದ ಬೆಕ್ಕಿನ ವಿಷಯದಲ್ಲಿ ಪಶುವೈದ್ಯರನ್ನು ಸಂಪರ್ಕಿಸತಕ್ಕದ್ದು. ಎಳೆಯ ಮರಿಗಳ ವಿಷಯದಲ್ಲಿ ಇಷ್ಟು ಹೊತ್ತು ಸಹ ಕಾಯಬಾರದು.

ಪೊಟ್ಟಣದ ಮೇಲಿನ ವಿವರಗಳನ್ನು ಓದುವ ಕ್ರಮ

ಮುಂಭಾಗದ ಚಿತ್ರ ಮತ್ತು ಘೋಷಣೆಗಳಿಗಿಂತ ಹಿಂಭಾಗದ ಸಣ್ಣ ಅಕ್ಷರಗಳು ಹೆಚ್ಚು ಉಪಯುಕ್ತ. 'ಸಂಪೂರ್ಣ ಆಹಾರ' ಎಂದಿರುವುದನ್ನು ಮಾತ್ರ ನಿತ್ಯದ ಊಟವಾಗಿ ಆರಿಸಿಕೊಳ್ಳಬೇಕು. 'ಪೂರಕ ಆಹಾರ' ಎಂದಿರುವುದು ಬಾಯಿರುಚಿಗೆ ಮಾತ್ರ. ಯಾವ ವಯಸ್ಸಿನ ಬೆಕ್ಕಿಗೆ ಎಂಬುದನ್ನೂ ನೋಡಬೇಕು. ಘಟಕಗಳ ಪಟ್ಟಿಯಲ್ಲಿ ಪ್ರೋಟೀನಿನ ಮೂಲವನ್ನು ಕೋಳಿ, ಮೀನು, ಕುರಿ ಎಂದು ಸ್ಪಷ್ಟವಾಗಿ ಹೆಸರಿಸಿರಬೇಕು. 'ಮಾಂಸ ಮತ್ತು ಪ್ರಾಣಿ ಉಪೋತ್ಪನ್ನ' ಎಂದಷ್ಟೇ ಇದ್ದಲ್ಲಿ ಬೆಕ್ಕಿಗೆ ಒಗ್ಗದ ಪದಾರ್ಥ ಯಾವುದೆಂದು ಪತ್ತೆ ಹಚ್ಚುವುದು ಅಸಾಧ್ಯವಾಗುತ್ತದೆ. ಸೂಕ್ಷ್ಮ ಜಠರಕ್ಕೆ ಪ್ರೋಟೀನಿನ ಮೂಲಗಳು ಕಡಿಮೆಯಿದ್ದಷ್ಟೂ ಅನುಕೂಲ.

ಒಣ ಆಹಾರ ಮತ್ತು ತೇವ ಆಹಾರಗಳ ಪ್ರೋಟೀನ್ ಪ್ರಮಾಣವನ್ನು ನೇರವಾಗಿ ಹೋಲಿಸುವುದು ಸಾಮಾನ್ಯವಾಗಿ ಆಗುವ ತಪ್ಪು. ಉದಾಹರಣೆಗೆ, ಒಣ ಕಾಳಿನಂತಹ ಆಹಾರದ ಪೊಟ್ಟಣದ ಮೇಲೆ ಪ್ರೋಟೀನ್ ಶೇಕಡ 32, ತೇವಾಂಶ ಶೇಕಡ 10 ಎಂದಿರುತ್ತದೆ. ತೇವ ಆಹಾರದ ಪೊಟ್ಟಣದ ಮೇಲೆ ಪ್ರೋಟೀನ್ ಶೇಕಡ 10, ತೇವಾಂಶ ಶೇಕಡ 80 ಎಂದಿರುತ್ತದೆ. ನೀರಿನ ಅಂಶವನ್ನು ಕಳೆದು ನೋಡಿದರೆ ಮೊದಲನೆಯದರಲ್ಲಿ 90 ಭಾಗದಲ್ಲಿ 32, ಅಂದರೆ ಸುಮಾರು ಶೇಕಡ 36 ಪ್ರೋಟೀನ್. ಎರಡನೆಯದರಲ್ಲಿ 20 ಭಾಗದಲ್ಲಿ 10, ಅಂದರೆ ಶೇಕಡ 50. ಕಡಿಮೆ ಎಂದು ಕಂಡದ್ದೇ ಹೆಚ್ಚಿನದಾಗಿರುತ್ತದೆ. ಮಲಬದ್ಧತೆಯಿರುವ ಅಥವಾ ನೀರು ಕುಡಿಯಲು ಒಲ್ಲದ ಬೆಕ್ಕಿಗೆ ತೇವ ಆಹಾರವು ಹೆಚ್ಚು ಹಿತ. ತೆರೆದ ತೇವ ಆಹಾರವನ್ನು, ವಿಶೇಷವಾಗಿ ಬೇಸಿಗೆಯಲ್ಲಿ, ತಟ್ಟೆಯಲ್ಲಿ ಗಂಟೆಗಟ್ಟಲೆ ಬಿಡಬಾರದು.

'ಧಾನ್ಯರಹಿತ' ಎಂಬ ಘೋಷಣೆಗೆ ಹೆಚ್ಚಿನ ಬೆಲೆ ತೆರುವ ಮೊದಲು ಒಂದು ಅಂಶವನ್ನು ತಿಳಿದಿರುವುದು ಒಳ್ಳೆಯದು. ಬೆಕ್ಕುಗಳಲ್ಲಿ ಆಹಾರದ ಅಲರ್ಜಿಯು ಧಾನ್ಯಗಳಿಗಿಂತ ಹೆಚ್ಚಾಗಿ ದನದ ಮಾಂಸ, ಮೀನು, ಕೋಳಿಮಾಂಸಗಳಿಂದ ಉಂಟಾಗುವುದಾಗಿ ಕಂಡುಬಂದಿದೆ.

ಪ್ರಮಾಣದ ವಿಷಯದಲ್ಲಿ ಹೇಳುವುದಾದರೆ, ಮನೆಯೊಳಗೇ ಇರುವ ನಾಲ್ಕು ಕಿಲೋಗ್ರಾಂ ತೂಕದ ವಯಸ್ಕ ಬೆಕ್ಕಿಗೆ ದಿನವೊಂದಕ್ಕೆ ಸುಮಾರು 200 ಕಿಲೋಕ್ಯಾಲೊರಿ ಸಾಕಾಗುತ್ತದೆ. ಒಣ ಆಹಾರದಲ್ಲಿ ಇದು ಸರಿಸುಮಾರು 50ರಿಂದ 60 ಗ್ರಾಂ ಮಾತ್ರ. ಇದನ್ನು ಮೂರು ನಾಲ್ಕು ಬಾರಿ ಹಂಚಿ ಕೊಡುವುದರಿಂದ, ಗಬಗಬನೆ ತಿಂದು ಕೂಡಲೇ ಕಾರಿಕೊಳ್ಳುವ ಬೆಕ್ಕುಗಳಲ್ಲಿ ಆಹಾರವನ್ನು ಬದಲಿಸದೆಯೇ ವಾಂತಿಯನ್ನು ತಡೆಯಬಹುದು.

ಆಹಾರ ಬದಲಾವಣೆ ಮತ್ತು ಪರೀಕ್ಷಾ ಆಹಾರ

ಹೊಸ ಆಹಾರವನ್ನು ಏಳರಿಂದ ಹತ್ತು ದಿನಗಳ ಅವಧಿಯಲ್ಲಿ ಹಳೆಯದರೊಂದಿಗೆ ಬೆರೆಸುತ್ತಾ ರೂಢಿಸಬೇಕು. ಮೊದಲು ಕಾಲು ಭಾಗ, ಎರಡು ಮೂರು ದಿನಗಳ ನಂತರ ಅರ್ಧ, ಬಳಿಕ ಮುಕ್ಕಾಲು ಭಾಗ. ನಡುವೆ ಮಲ ತೆಳುವಾದಲ್ಲಿ ಹಿಂದಿನ ಹಂತಕ್ಕೆ ಮರಳಿ ಕೆಲವು ದಿನ ತಡೆಯಬೇಕು.

ಅಲರ್ಜಿಯ ಅನುಮಾನವಿದ್ದಲ್ಲಿ ಪಶುವೈದ್ಯರು ಪರೀಕ್ಷಾ ಆಹಾರವನ್ನು ಸೂಚಿಸುತ್ತಾರೆ. ಬೆಕ್ಕು ಹಿಂದೆಂದೂ ತಿಂದಿರದ ಒಂದೇ ಮೂಲದ ಪ್ರೋಟೀನ್, ಅಥವಾ ಪ್ರೋಟೀನನ್ನು ಅತಿ ಸಣ್ಣ ತುಣುಕುಗಳಾಗಿ ಒಡೆದು ತಯಾರಿಸಿದ ವಿಶೇಷ ಆಹಾರ, ಇವೆರಡರಲ್ಲಿ ಒಂದನ್ನು ಮಾತ್ರ ನೀಡಲಾಗುತ್ತದೆ. ಕೇವಲ ಹೊಟ್ಟೆಯ ಲಕ್ಷಣಗಳಿದ್ದಲ್ಲಿ ಸಾಮಾನ್ಯವಾಗಿ ಎರಡು ವಾರಗಳಲ್ಲಿ ಸುಧಾರಣೆ ಕಾಣುತ್ತದೆ. ತುರಿಕೆ, ಕೂದಲುದುರುವಿಕೆ ಜೊತೆಗಿದ್ದರೆ ಎಂಟು ವಾರಗಳವರೆಗೆ ಮುಂದುವರಿಸಬೇಕಾಗುತ್ತದೆ. ಸುಧಾರಿಸಿದ ನಂತರ ಹಳೆಯ ಆಹಾರವನ್ನು ಮತ್ತೆ ಕೊಟ್ಟು ನೋಡಿದಾಗ ಲಕ್ಷಣಗಳು ಮರುಕಳಿಸಿದರೆ ಮಾತ್ರ ಕಾರಣ ಖಚಿತವಾದಂತೆ. ಈ ಅವಧಿಯಲ್ಲಿ ಒಂದು ಬಿಸ್ಕತ್ತಿನ ಚೂರು, ಒಂದು ಮೀನಿನ ತಲೆ ಸಹ ಇಡೀ ಪರೀಕ್ಷೆಯನ್ನು ನಿಷ್ಫಲಗೊಳಿಸಬಲ್ಲದು. ಓಣಿ ಸುತ್ತಿ, ಇಲಿ ಹಿಡಿದು, ನಾಲ್ಕು ಮನೆಯಲ್ಲಿ ಊಟ ಮಾಡುವ ಬೆಕ್ಕಿಗೆ ಪರೀಕ್ಷಾ ಆಹಾರ ನಡೆಯುವುದಿಲ್ಲ. ಅದನ್ನು ಆ ಕೆಲವು ವಾರ ಮನೆಯೊಳಗೇ ಇರಿಸಿಕೊಳ್ಳಬೇಕಾಗುತ್ತದೆ.

ಮನೆಯಲ್ಲಿ ತಯಾರಿಸುವ ಆಹಾರ

ಒಂದೆರಡು ದಿನಗಳ ಸಾಮಾನ್ಯ ಭೇದಿಗೆ, ಚರ್ಮ ಮತ್ತು ಮೂಳೆ ತೆಗೆದ ಕೋಳಿಮಾಂಸವನ್ನು ಬರಿಯ ನೀರಿನಲ್ಲಿ ಬೇಯಿಸಿ, ಸಣ್ಣದಾಗಿ ಹರಿದು, ಬೆಚ್ಚಗಿರುವಾಗ ಸ್ವಲ್ಪ ಸ್ವಲ್ಪವಾಗಿ ನೀಡಬಹುದು. ಉಪ್ಪು, ಖಾರ, ಒಗ್ಗರಣೆ ಕೂಡದು. ಈರುಳ್ಳಿ ಮತ್ತು ಬೆಳ್ಳುಳ್ಳಿಗಳು ಬೆಕ್ಕಿನ ಕೆಂಪು ರಕ್ತಕಣಗಳನ್ನು ನಾಶಪಡಿಸುವುದರಿಂದ, ಮನೆಯವರಿಗಾಗಿ ಮಾಡಿದ ಸಾರಿನಿಂದ ತುಂಡುಗಳನ್ನು ಎತ್ತಿ ತೊಳೆದು ಕೊಡುವುದೂ ಸುರಕ್ಷಿತವಲ್ಲ. ಬೇಯಿಸಿದ ಮೂಳೆ ಸಿಗುರಾಗಿ ಕರುಳನ್ನು ಚುಚ್ಚಬಹುದು. ಕರಾವಳಿಯಲ್ಲಿ ಹಸಿ ಮೀನನ್ನು ಬೆಕ್ಕಿಗೆ ಹಾಕುವ ವಾಡಿಕೆಯಿದೆ. ಕೆಲವು ಜಾತಿಯ ಹಸಿ ಮೀನುಗಳಲ್ಲಿ ಥಯಾಮಿನ್ ಎಂಬ 'ಬಿ' ಜೀವಸತ್ವವನ್ನು ನಾಶಪಡಿಸುವ ಕಿಣ್ವವಿರುತ್ತದೆ. ಬೇಯಿಸಿದರೆ ಅದು ನಿಷ್ಕ್ರಿಯವಾಗುತ್ತದೆ.

ಬೇಯಿಸಿದ ಮಾಂಸವೊಂದನ್ನೇ ತಿಂಗಳುಗಟ್ಟಲೆ ನೀಡಬಾರದು. ಮಾಂಸದಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ ತೀರ ಕಡಿಮೆ. ಬೆಳೆಯುವ ಮರಿಗಳಲ್ಲಿ ದೇಹವು ಈ ಕೊರತೆಯನ್ನು ಮೂಳೆಯಿಂದಲೇ ತುಂಬಿಕೊಳ್ಳುವುದರಿಂದ ಮೂಳೆಗಳು ಮೆದುವಾಗಿ, ಸಣ್ಣ ಜಿಗಿತಕ್ಕೂ ಮುರಿಯುತ್ತವೆ.

ಮನೆಯಲ್ಲಿರುವ ಔಷಧಗಳನ್ನು ಕೊಡಬಾರದು

ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಮನುಷ್ಯರ ಒಂದು ಮಾತ್ರೆಯ ಸಣ್ಣ ಚೂರೂ ಪ್ರಾಣ ತೆಗೆಯಬಲ್ಲದು. ಭೇದಿ ನಿಲ್ಲಿಸುವ ಮಾತ್ರೆಗಳನ್ನಾಗಲೀ, ಉಳಿದಿರುವ ಆ್ಯಂಟಿಬಯಾಟಿಕ್‌ಗಳನ್ನಾಗಲೀ ಪಶುವೈದ್ಯರ ಚೀಟಿಯಿಲ್ಲದೆ ಬಳಸಕೂಡದು.

ಪಶು ಆಸ್ಪತ್ರೆಗೆ ಕರೆತರುವಾಗ

ಬೆಕ್ಕನ್ನು ಗಾಳಿಯಾಡುವ ಬುಟ್ಟಿ ಅಥವಾ ಪೆಟ್ಟಿಗೆಯಲ್ಲಿ ಭದ್ರವಾಗಿ ತರಬೇಕು. ತೋಳಿನಲ್ಲಿ ಎತ್ತಿಕೊಂಡು ಬಂದ ಬೆಕ್ಕು ಆಸ್ಪತ್ರೆಯ ಆವರಣದಲ್ಲಿ ನಾಯಿಯನ್ನು ಕಂಡು ಹಾರಿ ತಪ್ಪಿಸಿಕೊಳ್ಳುವುದುಂಟು. ಅದೇ ದಿನದ ಮಲದ ಮಾದರಿಯನ್ನು ಮುಚ್ಚಳವಿರುವ ಶುಚಿಯಾದ ಸಣ್ಣ ಡಬ್ಬಿಯಲ್ಲಿ ತಂದರೆ ದುಂಡುಹುಳು, ಕೊಕ್ಕೆಹುಳು ಮುಂತಾದ ಪರೋಪಜೀವಿಗಳ ಪರೀಕ್ಷೆಗೆ ಅನುಕೂಲವಾಗುತ್ತದೆ. ಈಗ ನೀಡುತ್ತಿರುವ ಆಹಾರದ ಪೊಟ್ಟಣ, ಲಸಿಕೆ ಮತ್ತು ಜಂತುನಾಶಕ ನೀಡಿದ ದಿನಾಂಕಗಳ ವಿವರ, ಕಳೆದ ಎರಡು ವಾರ ಏನು ತಿಂದಿತು ಮತ್ತು ಯಾವ ದಿನ ವಾಂತಿ ಅಥವಾ ಭೇದಿಯಾಯಿತು ಎಂಬ ಟಿಪ್ಪಣಿ ಜೊತೆಗಿರಲಿ. ಬೆಕ್ಕನ್ನು ನೋಡಿಕೊಳ್ಳುವವರೇ ಬರುವುದು ಸೂಕ್ತ. ತಾಲ್ಲೂಕು ಪಶು ಆಸ್ಪತ್ರೆಯಲ್ಲಿ ಸ್ಕ್ಯಾನಿಂಗ್, ರಕ್ತಪರೀಕ್ಷೆಗಳಿಗೆ ಅವಕಾಶವಿಲ್ಲದಿದ್ದಲ್ಲಿ ವೈದ್ಯರು ಜಿಲ್ಲಾ ಮಟ್ಟದ ಪಾಲಿಕ್ಲಿನಿಕ್‌ಗೆ, ಇಲ್ಲವೇ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯಗಳಿಗೆ ಕಳುಹಿಸಬಹುದು.

ಕೆಲವು ಸಂದರ್ಭಗಳಲ್ಲಿ ಆಹಾರದ ವಿಚಾರವನ್ನು ಬದಿಗಿಟ್ಟು ಒಡನೆಯೇ ಧಾವಿಸಬೇಕು. ಲಸಿಕೆಯಾಗದ ಮರಿಯು ವಾಂತಿ, ಭೇದಿಯೊಂದಿಗೆ ಮುದುಡಿ ಕುಳಿತರೆ ಅದು ಮಾರಕವಾದ ಪ್ಯಾನ್‌ಲ್ಯುಕೋಪೀನಿಯ ರೋಗವಾಗಿರಬಹುದು. ವಾಂತಿಯಲ್ಲಾಗಲೀ ಮಲದಲ್ಲಾಗಲೀ ರಕ್ತ, ಕಣ್ಣು ಒಸಡುಗಳು ಹಳದಿಯಾಗುವುದು, ದಾರ ನುಂಗಿರುವ ಶಂಕೆ ಇವೂ ತುರ್ತಿನ ಸಂಗತಿಗಳೇ. ಬಾಯಿಯಿಂದಾಗಲೀ ಗುದದ್ವಾರದಿಂದಾಗಲೀ ದಾರದ ತುದಿ ಕಂಡರೆ ಎಳೆಯಕೂಡದು. ಒಳಗೆ ಕರುಳು ಹರಿಯುತ್ತದೆ. ಗಂಡು ಬೆಕ್ಕು ಪದೇಪದೇ ಕುಳಿತು ಮುಕ್ಕಿರಿದು ನರಳುತ್ತಿದ್ದರೆ ಅದನ್ನು ಮಲಬದ್ಧತೆಯೆಂದು ತಿಳಿದು ಎಣ್ಣೆ ಕುಡಿಸುತ್ತಾ ಕುಳಿತಿರಬಾರದು. ಮೂತ್ರನಾಳ ಕಟ್ಟಿಕೊಂಡಿದ್ದಲ್ಲಿ ಒಂದೆರಡು ದಿನಗಳಲ್ಲಿ ಬೆಕ್ಕು ಸಾಯುತ್ತದೆ. ಮೂತ್ರ ಹೋಗುತ್ತಿದೆಯೇ ಇಲ್ಲವೇ ಎಂಬುದನ್ನು ಮೊದಲು ನೋಡಿ, ಹೋಗದಿದ್ದರೆ ಅದೇ ದಿನ ಹತ್ತಿರದ ಪಶು ಆಸ್ಪತ್ರೆಗೆ ಕರೆತರತಕ್ಕದ್ದು.