ಅಳೆದು ನೋಡಿದ್ರೆ ಸಾಲದಾ? ಪೇಪರ್ ತುಂಡುಗಳಲ್ಲಿ ಪೈಥಾಗೊರಸ್ ಪ್ರಮೇಯ

ಇವತ್ತು ನಾನು ತಗೊಂಡಿರೋ ವಿಷಯ ಹೈಸ್ಕೂಲಿಂದಲೇ ನಿಮಗೆ ಪರಿಚಯ. ಲಂಬಕೋನ ತ್ರಿಭುಜದಲ್ಲಿ ವಿಕರ್ಣದ ಮೇಲಿನ ವರ್ಗ, ಉಳಿದೆರಡು ಬಾಹುಗಳ ಮೇಲಿನ ವರ್ಗಗಳ ಮೊತ್ತಕ್ಕೆ ಸಮ. ಬಾಹುಗಳು 3 ಮತ್ತು 4 ಆದರೆ ವಿಕರ್ಣ 5. ಯಾಕಂದ್ರೆ 9 ಮತ್ತು 16 ಸೇರಿದ್ರೆ 25.

ಸ್ಕೇಲ್ ಇಟ್ಟರೆ 5 ಬರುತ್ತೆ, ನಿಜ. ಆದರೆ ಇನ್ನೂ ಯಾರೂ ಬರೆಯದ ತ್ರಿಭುಜಕ್ಕೂ ಇದು ಸರಿ ಅಂತ ಹೇಗೆ ನಂಬೋದು? ಅದಕ್ಕೇ ಸಾಧನೆ ಬೇಕು. ಯೂಕ್ಲಿಡ್ ತನ್ನ 'ಎಲಿಮೆಂಟ್ಸ್'ನ ಮೊದಲ ಪುಸ್ತಕದಲ್ಲಿ 47ನೇ ಪ್ರಮೇಯವಾಗಿ ಇದನ್ನು ಸಾಧಿಸಿದ್ದಾನೆ. ನಾನು ಹೇಳೋದು ಅದಕ್ಕಿಂತ ಸುಲಭದ ದಾರಿ.

7 ಇಂಚಿನ ಒಂದು ಚೌಕ ಬರೀರಿ. ಬೇರೆ ಪೇಪರಲ್ಲಿ 3 ಮತ್ತು 4 ಇಂಚು ಬಾಹುಗಳಿರೋ ನಾಲ್ಕು ಲಂಬಕೋನ ತ್ರಿಭುಜ ಕತ್ತರಿಸಿ. ಚೌಕದ ಒಂದೊಂದು ಮೂಲೆಗೆ ಒಂದೊಂದರ ಲಂಬಕೋನ ಕೂರಲಿ. ಪ್ರತಿ ಅಂಚಿನಲ್ಲೂ ಒಂದರ 3, ಇನ್ನೊಂದರ 4 ಸೇರಿ 7 ಆಗಲಿ. ನಡುವೆ ಓರೆಯಾದ ಖಾಲಿ ಜಾಗ ಉಳಿಯುತ್ತೆ. ಅದರ ನಾಲ್ಕು ಬದಿಯೂ ವಿಕರ್ಣಗಳೇ.

ಆದರೆ ಅದು ಚೌಕ ಹೌದಾ? ಈ ಪ್ರಶ್ನೆಯನ್ನ ಹಾರಿಸಬೇಡಿ. ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿ. ಲಂಬಕೋನ ಕಳೆದರೆ ಉಳಿದೆರಡೂ ಸೇರಿ 90. ಅಂಚಿನ ಮೇಲೆ ಎರಡು ತ್ರಿಭುಜ ಸಂಧಿಸುವ ಬಿಂದುವಲ್ಲಿ, ಖಾಲಿ ಜಾಗದ ಆಚೆ ಈಚೆ ಇರೋದು ಅವೇ ಎರಡು ಕೋನಗಳು. ನೇರ ಗೆರೆಯ 180ರಲ್ಲಿ 90 ಹೋದರೆ ಉಳಿಯೋದು 90. ಹಾಗಾಗಿ ಅದು ಚೌಕವೇ, ವಿಸ್ತೀರ್ಣ ವಿಕರ್ಣದ ವರ್ಗ.

ಈಗ ಅವೇ ತ್ರಿಭುಜಗಳನ್ನ ಸರಿಸಿ. ಎರಡೆರಡನ್ನ ವಿಕರ್ಣಕ್ಕೆ ವಿಕರ್ಣ ಜೋಡಿಸಿ ಎರಡು ಆಯತ ಮಾಡಿ. ಒಂದನ್ನ ಅಡ್ಡ, ಇನ್ನೊಂದನ್ನ ಉದ್ದ, ಎದುರುಬದುರು ಮೂಲೆಗಳಲ್ಲಿಡಿ. ಈಗ ಖಾಲಿ ಉಳಿಯೋದು ಎರಡು ಚೌಕ: ಒಂದು 3 ಇಂಚಿನದು, ಇನ್ನೊಂದು 4 ಇಂಚಿನದು. ಹೊರಗಿನ ಚೌಕ ಅದೇ, ಮುಚ್ಚಿದ ತ್ರಿಭುಜಗಳೂ ಅವೇ. ಅಂದಮೇಲೆ ಎರಡು ಸಲವೂ ಖಾಲಿ ಉಳಿದ ಜಾಗ ಒಂದೇ ಇರಬೇಕು. ಸಾಧನೆ ಮುಗೀತು.

ಒಂದು ಗಮನಿಸಿದ್ರಾ? ನಾನು 3, 4 ಅಂದೆ, ಆದರೆ ವಾದ ಆ ಸಂಖ್ಯೆಗಳ ಮೇಲೆ ನಿಂತಿಲ್ಲ. ನಿಂತಿರೋದು ಲಂಬಕೋನದ ಮೇಲೆ. ಅದೇ 7 ಇಂಚಿನ ಚೌಕದಲ್ಲಿ 2 ಮತ್ತು 5 ಇಂಚಿನ ತ್ರಿಭುಜ ಇಟ್ಟು ನೋಡಿ. ವಿಕರ್ಣದ ವರ್ಗ 29. ಆ ವಿಕರ್ಣದ ಉದ್ದವನ್ನ ಯಾವ ಸ್ಕೇಲೂ ಕರಾರುವಾಕ್ಕಾಗಿ ತೋರಿಸಲ್ಲ, ಅದರ ದಶಮಾಂಶ ಮುಗಿಯೋದೇ ಇಲ್ಲ. ಆದರೂ 29 ಅನ್ನೋದರಲ್ಲಿ ನಮಗೆ ಕಿಂಚಿತ್ತೂ ಅನುಮಾನ ಇಲ್ಲ.