ತೆನೆಯ ಕಾಳು ಕಲಿಸಿದ ಸಂತೃಪ್ತಿ

ಸೆಪ್ಟೆಂಬರ್ 8 ಎಂದರೆ ಕಾಸರಗೋಡು ಕಡೆಯ ನಮ್ಮ ಕಥೋಲಿಕ ಮನೆಗಳಲ್ಲಿ ತೆನೆ ಹಬ್ಬ, ಮಾತೆ ಮರಿಯಮ್ಮನವರ ಜನನದ ಹಬ್ಬ. ಆಗಸ್ಟ್ 30ರಿಂದಲೇ ನೊವೆನಾ ಆರಂಭವಾಗುತ್ತದೆ. ಮಕ್ಕಳು ದಿನವೂ ಹೂ ತಂದು ಬಾಲ ಮರಿಯಮ್ಮನವರಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹೊಸ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಹಂಚುತ್ತಾರೆ. ಮನೆಯಲ್ಲಿ ಅದರ ಕಾಳು ಸುಲಿದು, ಪುಡಿಮಾಡಿ, ಹಾಲಿಗೋ ಪಾಯಸಕ್ಕೋ ಬೆರೆಸುತ್ತೇವೆ. ಹಿರಿಯರು ಪ್ರಾರ್ಥನೆ ಮಾಡಿ ಎಲ್ಲರಿಗೂ ಕೊಡುತ್ತಾರೆ. ಆಮೇಲೆ ಬಾಳೆಎಲೆಯಲ್ಲಿ ತರಕಾರಿ ಊಟ. ಅಂದು ಮೀನು, ಮಾಂಸ ಇಲ್ಲ. ಪರವೂರಿನಲ್ಲಿರುವವರ ಪಾಲಿನ ಕಾಳು ಲಕೋಟೆಯಲ್ಲಿ ಅಂಚೆಗೆ ಹೋಗುತ್ತದೆ.

ನಮ್ಮ ಮನೆಯಿಂದಲೂ 11 ವರ್ಷ ಅಂಥ ಲಕೋಟೆ ಗಲ್ಫಿಗೆ ಹೋಯಿತು. ನಮ್ಮಿಬ್ಬರಲ್ಲಿ ಒಬ್ಬರು ಅಲ್ಲಿ ದುಡಿಯುತ್ತಿದ್ದರೆ, ಇನ್ನೊಬ್ಬರು ಇಲ್ಲಿ ಮಕ್ಕಳನ್ನೂ ವಯಸ್ಸಾದ ಅಮ್ಮನನ್ನೂ ನೋಡಿಕೊಳ್ಳುತ್ತಿದ್ದೆವು.

'ಸಾಕು' ಎಂಬುದು ಎಲ್ಲಿ?

ಮೊದಲು, ಸೋರದ ಒಂದು ಮನೆ ಆದರೆ ಸಾಕು ಎಂದುಕೊಂಡೆವು. ಮನೆ ಆಯಿತು. ಮತ್ತೆ ಕಾರು ಬೇಕೆನಿಸಿತು. ನೆರೆಯವರು ಮಹಡಿ ಕಟ್ಟಿದಾಗ ನಮಗೂ ಮಹಡಿ ಬೇಕಾಯಿತು. ಅದಕ್ಕೆ ಬ್ಯಾಂಕ್ ಸಾಲ ಮಾಡಿದೆವು. ಫೋನಿನಲ್ಲಿ ಮಾತನಾಡಿದರೆ ಕಂತು, ಸಿಮೆಂಟು, ಟೈಲ್ಸ್ ಇವೇ ವಿಷಯ. ಸಂಜೆಯ ಜಪಸರ ವಾರಕ್ಕೊಮ್ಮೆಗೆ ಇಳಿಯಿತು. ಒಂದು ದಿನ ಮಗಳು ಫೋನಿನಲ್ಲಿ, "ಪಪ್ಪಾ, ಮೇಲಿನ ಕೋಣೆಯಲ್ಲಿ ಯಾರು ಮಲಗುವುದು?" ಎಂದು ಕೇಳಿದಳು. ನಮ್ಮಿಬ್ಬರ ಬಳಿಯೂ ಉತ್ತರವಿರಲಿಲ್ಲ.

2020ರಲ್ಲಿ ಕೊರೋನಾ ಬಂತು, ಕೆಲಸ ಹೋಯಿತು. ಊರಿಗೆ ಮರಳಿದಾಗ ಕೈಯಲ್ಲಿ ಒಂದು ಪೆಟ್ಟಿಗೆ, ತಲೆಯ ಮೇಲೆ ಸಾಲ. ಕಾರು ಮಾರಿದೆವು. ಮಹಡಿ ಅರ್ಧಕ್ಕೇ ನಿಂತಿತು. ಜನ ಏನೆನ್ನುವರೋ ಎಂಬ ಭಯದಿಂದ ಕೆಲವು ತಿಂಗಳು ಯಾರ ಮನೆಗೂ ಹೋಗಲಿಲ್ಲ. ಮನೆಯೊಳಗೂ ಜಗಳ ತಪ್ಪಲಿಲ್ಲ.

ಆ ಸೆಪ್ಟೆಂಬರಿನಲ್ಲಿ ಹಬ್ಬದ ಗದ್ದಲವಿರಲಿಲ್ಲ. ಊಟಕ್ಕೆ ಕುಳಿತಾಗ ಅಮ್ಮ ಎಂದಿನ ರೂಢಿಯಂತೆ ಕೆಲವು ಕಾಳುಗಳನ್ನು ಲಕೋಟೆಗೆಂದು ಬದಿಗಿಟ್ಟರು. ಕೂಡಲೇ ಎದುರಿಗೆ ಕುಳಿತ ಮಗನನ್ನು ನೋಡಿ ನಕ್ಕರು. "ಈ ವರ್ಷ ಅಂಚೆ ಖರ್ಚಿಲ್ಲ" ಎಂದು ಆ ಕಾಳನ್ನೂ ಪಾಯಸಕ್ಕೆ ಹಾಕಿದರು. ಒಬ್ಬೊಬ್ಬರಿಗೆ ಸಿಕ್ಕಿದ್ದು ಒಂದೊಂದು ಚಮಚ. ಆದರೆ 11 ವರ್ಷಗಳಲ್ಲಿ ಅಷ್ಟು ತುಂಬಿದ ಊಟವನ್ನು ನಾವು ಉಂಡಿರಲಿಲ್ಲ.

ಪೌಲರು ಕಲಿತ ಪಾಠ

ಸಂತ ಪೌಲರು ಫಿಲಿಪ್ಪಿಯವರಿಗೆ ಪತ್ರ ಬರೆದದ್ದು ಸೆರೆಯಲ್ಲಿದ್ದಾಗ. ಅಲ್ಲಿಯ ಭಕ್ತರು ಎಪಫ್ರೊದೀತನ ಕೈಯಲ್ಲಿ ಅವರಿಗೆ ನೆರವು ಕಳುಹಿಸಿದ್ದರು. ಅದಕ್ಕೆ ಕೃತಜ್ಞತೆ ಹೇಳುತ್ತಾ ಅವರು 4ನೇ ಅಧ್ಯಾಯದಲ್ಲಿ, ಸಮೃದ್ಧಿಯಲ್ಲೂ ಕೊರತೆಯಲ್ಲೂ ತೃಪ್ತನಾಗಿರಲು ತಾನು ಕಲಿತಿದ್ದೇನೆ, ಅದಕ್ಕೆ ಬಲ ಕೊಡುವವರು ಕ್ರಿಸ್ತರು ಎನ್ನುತ್ತಾರೆ. 'ಕಲಿತಿದ್ದೇನೆ' ಎಂಬ ಮಾತು ನಮಗೆ ಧೈರ್ಯ ಕೊಟ್ಟಿತು. ಸಂತೃಪ್ತಿ ಹುಟ್ಟುಗುಣವಲ್ಲ, ಪೌಲರಂಥವರೂ ಅದನ್ನು ಕಲಿಯಬೇಕಾಯಿತು.

ಸಂತೃಪ್ತಿ ಎಂದರೆ ಕೈಕಟ್ಟಿ ಕೂರುವುದೂ ಅಲ್ಲ. ಪೌಲರು ಕೊರಿಂಥದಲ್ಲಿ ಗುಡಾರ ಮಾಡುವ ಕಸುಬಿನಿಂದ ದುಡಿದು ಉಂಡವರು. ವಿಶ್ವಾಸವಿದ್ದ ಮಾತ್ರಕ್ಕೆ ನಮ್ಮ ಸಾಲವೂ ತೀರಲಿಲ್ಲ. ಊರಲ್ಲೇ ಸಿಕ್ಕಿದ ಸಣ್ಣ ಕೆಲಸ ಹಿಡಿದೆವು, ಕಂತು ಕಟ್ಟಿದೆವು, ಇನ್ನೂ ಕಟ್ಟುತ್ತಿದ್ದೇವೆ. ಆದರೆ ಕಂತಿನ ಚಿಂತೆ ಮೊದಲಿನಂತೆ ನಮ್ಮನ್ನು ಪರಸ್ಪರ ದೂರ ಮಾಡುತ್ತಿಲ್ಲ.

ಲೂಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳಿದ ಶ್ರೀಮಂತನ ಸಾಮತಿ ಇದೆ. ಬೆಳೆ ಹೆಚ್ಚಾದಾಗ ಅವನು ಹಳೆಯ ಕಣಜ ಕೆಡವಿ ದೊಡ್ಡದನ್ನು ಕಟ್ಟಲು ಹೊರಟ. ಗಮನಿಸಿ ನೋಡಿ, ಅವನು ಮಾತನಾಡುವುದೆಲ್ಲ ತನ್ನೊಡನೆ ಮಾತ್ರ. ಹೆಂಡತಿ, ಮಕ್ಕಳು, ನೆರೆಯವರು, ದೇವರು ಯಾರೂ ಅವನ ಲೆಕ್ಕದಲ್ಲಿಲ್ಲ. ಅಂದೇ ರಾತ್ರಿ ಅವನ ಪ್ರಾಣ ಹೋಗುವುದಿತ್ತು. ನಮ್ಮ ಅರ್ಧ ಕಟ್ಟಿದ ಮಹಡಿಯನ್ನು ನೋಡಿದಾಗಲೆಲ್ಲ ಆ ಕಣಜ ನೆನಪಾಗುತ್ತದೆ.

ನಮ್ಮ ಮನೆಯ ಚಿಕ್ಕ ರೂಢಿಗಳು

ಈಗ ಸಂಜೆ ಟಿವಿ ಆರಿಸಿ ಜಪಸರ ಮಾಡುತ್ತೇವೆ. ಮುಗಿದ ಮೇಲೆ ಒಬ್ಬೊಬ್ಬರೂ ಆ ದಿನ ದೇವರು ಕೊಟ್ಟ ಒಂದು ಒಳಿತನ್ನು ಹೇಳಬೇಕು. "ಇವತ್ತು ಏನೂ ಇಲ್ಲ" ಎನ್ನುವ ದಿನವೂ ಇದೆ. ಅಂದು ಬೇರೊಬ್ಬರು ನೆನಪಿಸುತ್ತಾರೆ. ದೊಡ್ಡದೇನಾದರೂ ಕೊಳ್ಳುವ ಮೊದಲು ಮಕ್ಕಳನ್ನೂ ಕೂರಿಸಿಕೊಂಡು, ಇದು ನಮ್ಮ ಅಗತ್ಯವೋ, ನೆರೆಯವರಿಗೆ ತೋರಿಸಲೋ ಎಂದು ಕೇಳಿಕೊಳ್ಳುತ್ತೇವೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಈಗ ಅರ್ಥವಾಗಿದೆ.

ಪ್ರಿಯ ಓದುಗರೇ, ಇಂದಿಗೂ ನಮ್ಮಲ್ಲಿ ಅನೇಕರು ಕುಟುಂಬಕ್ಕಾಗಿ ಪರದೇಶದಲ್ಲಿ ದುಡಿಯುತ್ತಿದ್ದಾರೆ. ಅವರ ಬೆವರಿಗೆ ಬೆಲೆ ಕಟ್ಟಲಾಗದು. ಮನೆಯಲ್ಲಿರುವ ನಾವು ಒಮ್ಮೆ, "ಇಷ್ಟು ಸಾಕು, ನೀವು ಚೆನ್ನಾಗಿರಿ" ಎಂದು ಹೇಳಿದರೆ ಅವರ ಹೊರೆ ಎಷ್ಟೋ ಹಗುರವಾದೀತು. ಮುಂದಿನ ತೆನೆ ಹಬ್ಬಕ್ಕೆ ಲಕೋಟೆಯಲ್ಲಿ ಕಾಳಿನ ಜೊತೆ ಆ ಮಾತನ್ನೂ ಬರೆದು ಕಳುಹಿಸೋಣ. ಒಂದು ಚಮಚ ಪಾಯಸದಲ್ಲಿ ಮನೆಯನ್ನು ತುಂಬಿಸಿದ ದೇವರು ನಮ್ಮೆಲ್ಲರಿಗೂ 'ಸಾಕು' ಎನ್ನುವ ಮನಸ್ಸನ್ನು ಕೊಡಲಿ.